ಡ್ರಿಲ್ಲೋ, ಡ್ರೈವರೋ, ಎರಡೂ ಒಂದರಲ್ಲೋ?

ಪಶ್ಚಿಮ ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ಮನೆ ಕೆಲಸ ನಡೆಯುತ್ತಿರುವ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಎರಡು ಬಗೆಯ ಸದ್ದು ಕಿವಿಗೆ ಬೀಳುತ್ತದೆ. ಒಂದು, ಗುಂಯ್ ಎಂದು ಒಂದೇ ಸಮನೆ ಕೊರೆಯುವ ಡ್ರಿಲ್ಲಿನದು. ಇನ್ನೊಂದು, ಹಾಗೆಯೇ ಶುರುವಾಗಿ ಸ್ಕ್ರೂ ಬಿಗಿಯಾಗುತ್ತಿದ್ದಂತೆ ಟರ್ರ್ ಎಂದು ಬಡಿಯತೊಡಗುವ ಇಂಪ್ಯಾಕ್ಟ್ ಡ್ರೈವರಿನದು. ನೋಡಲು ಎರಡೂ ಅಣ್ಣ–ತಮ್ಮಂದಿರು. ಒಂದೇ ಕಂಪನಿಯ ಒಂದೇ ಸಾಲಿನವಾದರೆ ಬ್ಯಾಟರಿಯೂ ಒಂದೇ. ಹಾಗಾಗಿ ‘ಎರಡಕ್ಕೆ ಯಾಕೆ ದುಡ್ಡು ಸುರಿಯಬೇಕು, ಎರಡೂ ಕೆಲಸ ಮಾಡುವ ಒಂದೇ ಮಷಿನ್ ಸಾಲದೇ?’ ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ‘ಮಲ್ಟಿ ಫಂಕ್ಷನ್’, ‘ಟೂ ಇನ್ ಒನ್’, ‘ಫೋರ್ ಮೋಡ್’ ಎಂದೆಲ್ಲ ಬರೆದ ಡಬ್ಬಗಳೂ ಎದುರಿಗೇ ಇರುತ್ತವೆ.

ಈ ಬಡಾವಣೆಯ ಆಸುಪಾಸಿನಲ್ಲಿ ಉತ್ತರ ಹೇಳಬಲ್ಲವರಿಗೇನೂ ಬರವಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಮರ–ಪ್ಲೈವುಡ್ ಅಂಗಡಿಗಳು, ಅವುಗಳನ್ನೇ ನಂಬಿದ ಬಡಗಿಗಳು. ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್ ಕಡೆ ಸಣ್ಣ ಸಣ್ಣ ವರ್ಕ್‌ಶಾಪುಗಳು. ಮೈಸೂರು ರಸ್ತೆಯ ಮೇಲೇ ಬಿಎಚ್‌ಇಎಲ್, ಕವಿಕಾದಂಥ ಕಾರ್ಖಾನೆಗಳು ಇರುವುದರಿಂದ ಸ್ಪ್ಯಾನರ್ ಹಿಡಿದು ಬದುಕು ಕಟ್ಟಿಕೊಂಡವರು ಪ್ರತಿ ಬೀದಿಯಲ್ಲೂ ಇದ್ದಾರೆ. ಆದರೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರಿಗೆ ಚಿನ್ನದಂಥ ಮಷಿನ್ ಇನ್ನೊಬ್ಬರಿಗೆ ಡಬ್ಬಾ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ಕೈಗೆ ಬರುವ ಮರ, ಗೋಡೆ, ಕಬ್ಬಿಣದ ಲೆಕ್ಕದಲ್ಲಿ ಮಾತಾಡುತ್ತಿರುತ್ತಾರೆ. ಆದ್ದರಿಂದ ‘ಮಷಿನ್ ಹೇಗಿದೆ?’ ಎಂದು ಕೇಳುವ ಮೊದಲು ‘ಇದರಲ್ಲಿ ನೀವು ಏನು ಕೆಲಸ ಮಾಡ್ತೀರಿ?’ ಎಂದು ಕೇಳಬೇಕು. ಆ ಉತ್ತರ ಸಿಕ್ಕರೆ ಅಭಿಪ್ರಾಯಕ್ಕೆ ಬೆಲೆ ಕಟ್ಟುವುದು ಸುಲಭ.

ಯಾರು ಏನನ್ನುತ್ತಾರೆ, ಯಾಕೆ?

*ಬಡಗಿಗಳು:* ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡುವವರಿಗೆ ದಿನವಿಡೀ ಪ್ಲೈವುಡ್ಡಿಗೆ ಸ್ಟಾರ್ ಸ್ಕ್ರೂ ಹೊಡೆಯುವ ಕೆಲಸ. ಇವರಿಗೆ ಇಂಪ್ಯಾಕ್ಟ್ ಡ್ರೈವರ್ ಅಂದರೆ ಪ್ರಾಣ. ಹಗುರ, ಗಿಡ್ಡ, ಕಪಾಟಿನೊಳಗೆ ತೂರುತ್ತದೆ, ಸ್ಕ್ರೂ ತಲೆಯಿಂದ ಬಿಟ್ ಜಾರುವುದು ಕಡಿಮೆ, ಕೈ ತಿರುಚುವುದಿಲ್ಲ. ಆದರೆ ಇವರೇ ಆಟೋ ಹಿಂಜ್ ಕೂರಿಸಲು 35 ಮಿಲಿಮೀಟರಿನ ಗುಳಿ ತೋಡುವಾಗ ಡ್ರೈವರ್ ಬದಿಗಿಟ್ಟು ಡ್ರಿಲ್ ಎತ್ತಿಕೊಳ್ಳುತ್ತಾರೆ. ಬಡಿತ ಬಿದ್ದರೆ ಗುಳಿಯ ಅಂಚಿನ ಲ್ಯಾಮಿನೇಟ್ ಚಕ್ಕೆ ಏಳುತ್ತದೆ.

*ಶೀಟ್ ಹಾಕುವವರು:* ಮನೆಯ ತಾರಸಿಗೆ ಕಬ್ಬಿಣದ ಸ್ಕ್ವೇರ್ ಪೈಪ್ ನಿಲ್ಲಿಸಿ ಬಣ್ಣದ ಶೀಟ್ ಹೊದಿಸುವುದು ಪಶ್ಚಿಮ ಬೆಂಗಳೂರಿನಲ್ಲಿ ಮನೆಮನೆಯ ಕೆಲಸ. ಅದಕ್ಕೆ ತುದಿಯಲ್ಲೇ ಕೊರೆಯುವ ಬಾಯಿ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಬೇಕು. ಅದರ ಆರುಮೂಲೆ ತಲೆಗೆ ಮ್ಯಾಗ್ನೆಟ್ ಇರುವ ಸಾಕೆಟ್ ಬಿಟ್ ಬೇಕು. ಇವರ ಮೆಚ್ಚುಗೆಯೂ ಇಂಪ್ಯಾಕ್ಟ್ ಡ್ರೈವರಿಗೇ. ದೂರು ಒಂದೇ: ಟ್ರಿಗರ್ ಬಿಡುವುದು ಸ್ವಲ್ಪ ತಡವಾದರೂ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ನಜ್ಜುಗುಜ್ಜಾಗಿ ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ. ವೇಗವನ್ನು ಎರಡು–ಮೂರು ಹಂತಕ್ಕೆ ಇಳಿಸುವ ಬಟನ್ ಇರುವ ಮಾದರಿಯನ್ನು ಇವರು ಹೆಚ್ಚು ಇಷ್ಟಪಡುವುದು ಇದಕ್ಕೇ.

*ಎಲೆಕ್ಟ್ರಿಷಿಯನ್, ಎಸಿ–ಸಿಸಿಟಿವಿ ಕೂರಿಸುವವರು:* ಇವರಿಗೆ ಏಣಿಯ ಮೇಲೆ ನಿಂತು ಗೋಡೆಗೆ ತೂತು ಹೊಡೆಯಬೇಕು, ಪ್ಲಗ್ ತುರುಕಬೇಕು, ಸ್ಕ್ರೂ ತಿರುಗಿಸಬೇಕು. ಗಳಿಗೆಗೊಂದು ಕೆಲಸ ಬದಲಾಗುವ ಇವರಿಗೆ ಎಲ್ಲವನ್ನೂ ಮಾಡುವ ಒಂದೇ ಮಷಿನ್ ಹಿಡಿಸುತ್ತದೆ. ಆದರೆ ಎದುರಿಗೆ ಕಾಂಕ್ರೀಟ್ ಬೀಮ್ ಬಂದಾಗ ‘ಇದು ಆಗದ ಮಾತು’ ಎಂದು ಎಸ್‌ಡಿಎಸ್ ಬಿಟ್ಟಿನ ರೋಟರಿ ಹ್ಯಾಮರ್ ತರಿಸುತ್ತಾರೆ.

*ಮನೆಯವರು:* ಪರದೆಯ ರಾಡು, ಕನ್ನಡಿ, ಟಿವಿ ಸ್ಟ್ಯಾಂಡು, ದೇವರ ಪಟ, ಸಡಿಲವಾದ ಬಾಗಿಲ ಹಿಂಜು. ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ತೆಗೆಯುವ ಇವರ ದೂರು ಮಷಿನ್ ಬಗ್ಗೆ ಅಲ್ಲವೇ ಅಲ್ಲ. ಬೇಕಾದಾಗ ಬ್ಯಾಟರಿ ಸತ್ತಿರುತ್ತದೆ, ಅಷ್ಟೇ.

ಒಳಗೆ ನಡೆಯುವುದೇನು?

ಡ್ರಿಲ್ಲಿನಲ್ಲಿ ಮೋಟರು ಗೇರಿನ ಮೂಲಕ ಬಿಟ್ ಹಿಡಿಯುವ ಚಕ್ಕನ್ನು ನೇರವಾಗಿ ತಿರುಗಿಸುತ್ತದೆ. ಚಕ್ಕಿನ ಹಿಂದೆ ಅಂಕಿ ಬರೆದ ಬಳೆ ಇರುತ್ತದೆಯಲ್ಲ, ಅದು ಕ್ಲಚ್. ಅದನ್ನು 5ಕ್ಕೆ ಇಟ್ಟರೆ ಸ್ವಲ್ಪ ಬಿಗಿಯಾದೊಡನೆ ಟಕಟಕ ಎಂದು ಬಿಟ್ಟುಕೊಡುತ್ತದೆ. 15ಕ್ಕೆ ಇಟ್ಟರೆ ಇನ್ನಷ್ಟು ಬಿಗಿಯುತ್ತದೆ. ಸ್ವಿಚ್‌ಬೋರ್ಡಿನ ಪ್ಲಾಸ್ಟಿಕ್ಕಿಗೆ, ಅಲ್ಯೂಮಿನಿಯಂ ಚಾನೆಲ್ಲಿಗೆ ಸ್ಕ್ರೂ ಹಾಕುವಾಗ ಈ ಕ್ಲಚ್ ಇಲ್ಲದೆ ಆಗುವುದಿಲ್ಲ. ಕೊರೆಯುವಾಗ ಮಾತ್ರ ಬಳೆಯನ್ನು ಡ್ರಿಲ್ ಗುರುತಿಗೆ ತಿರುಗಿಸಿ ಕ್ಲಚ್ಚನ್ನು ಕಟ್ಟಿಹಾಕಬೇಕು.

ಇಂಪ್ಯಾಕ್ಟ್ ಡ್ರೈವರಿನಲ್ಲಿ ಮೋಟರಿಗೂ ಬಿಟ್ಟಿಗೂ ನಡುವೆ ಒಂದು ಭಾರದ ಸುತ್ತಿಗೆ, ಒಂದು ಸ್ಪ್ರಿಂಗು, ಸುತ್ತಿಗೆಯ ಏಟು ತಿನ್ನುವ ಒಂದು ಅಡಿಗಲ್ಲು ಇರುತ್ತದೆ. ಸ್ಕ್ರೂ ಸಲೀಸಾಗಿ ಇಳಿಯುವವರೆಗೆ ಎಲ್ಲವೂ ಒಟ್ಟಿಗೆ ಸುತ್ತುತ್ತವೆ. ಸ್ಕ್ರೂ ಗಟ್ಟಿಯಾದೊಡನೆ ಸುತ್ತಿಗೆ ಸ್ಪ್ರಿಂಗನ್ನು ಒತ್ತುತ್ತ ಹಿಂದೆ ಸರಿಯುತ್ತದೆ, ಅಡಿಗಲ್ಲಿನ ಕಿವಿಯನ್ನು ದಾಟಿ ಮುಂದಕ್ಕೆ ಚಿಮ್ಮಿ ಅಡ್ಡಕ್ಕೆ ಬಡಿಯುತ್ತದೆ. ನಿಮಿಷಕ್ಕೆ ಸುಮಾರು ಮೂರು ಸಾವಿರ ಸಲ ಹೀಗೆ. ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಅದರ ಹಿಡಿಗೆ ಸುತ್ತಿಗೆಯಿಂದ ಏಟು ಕೊಡುತ್ತಾರಲ್ಲ, ಅದನ್ನೇ ಈ ಮಷಿನ್ ಒಳಗೊಳಗೇ ಮಾಡುತ್ತದೆ. ಪ್ರತಿ ಏಟೂ ಕ್ಷಣಮಾತ್ರದ್ದು. ಅದರ ಪ್ರತಿಬಲ ಮಣಿಕಟ್ಟಿನವರೆಗೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ. ದೊಡ್ಡ ಡ್ರಿಲ್ ಸಿಕ್ಕಿಹಾಕಿಕೊಂಡಾಗ ಕೈ ಗರಕ್ಕನೆ ತಿರುಗುವಂತೆ ಇಲ್ಲಿ ತಿರುಗದಿರುವುದು ಅದಕ್ಕೇ.

ಇನ್ನು ಮೂರನೆಯದು ಹ್ಯಾಮರ್ ಮೋಡ್. ಇದರ ಏಟು ಅಡ್ಡಕ್ಕಲ್ಲ, ಉದ್ದಕ್ಕೆ: ಬಿಟ್ಟನ್ನು ಗೋಡೆಯತ್ತ ಕುಟ್ಟುತ್ತದೆ. ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ. ಅಂಗಡಿಗಳಲ್ಲಿ ಹ್ಯಾಮರ್ ಮೋಡ್ ಇರುವ ಡ್ರಿಲ್ಲಿಗೂ ‘ಇಂಪ್ಯಾಕ್ಟ್ ಡ್ರಿಲ್’ ಎನ್ನುತ್ತಾರೆ. ‘ಇಂಪ್ಯಾಕ್ಟ್ ಕೊಡಿ’ ಎಂದು ಕೇಳಿದ ಬಡಗಿಯ ಕೈಗೆ ಗೋಡೆ ಕೊರೆಯುವ ಮಷಿನ್ ಬರುತ್ತದೆ. ಮೂತಿ ನೋಡಿ ಗುರುತಿಸುವುದು ಸುಲಭ: ಮೂರು ಹಲ್ಲಿನ, ತಿರುಗಿಸಿ ಬಿಗಿ ಮಾಡುವ ಚಕ್ ಇದ್ದರೆ ಡ್ರಿಲ್, ಕಾಲು ಇಂಚಿನ, ಅಂದರೆ 6.35 ಮಿಲಿಮೀಟರಿನ ಆರುಮೂಲೆ ತೂತು ಇದ್ದರೆ ಇಂಪ್ಯಾಕ್ಟ್ ಡ್ರೈವರ್.

‘ಟೂ ಇನ್ ಒನ್’ನಲ್ಲೂ ಹಲವು ಬಗೆ

ಒಂದೇ ಹೆಸರಿನಡಿ ಬೇರೆ ಬೇರೆ ಸರಕು ಮಾರಾಟವಾಗುತ್ತದೆ. ಬಿಡಿಸಿ ನೋಡಿದರೆ ಹೀಗಿದೆ:

1. *ಸ್ಕ್ರೂ, ಡ್ರಿಲ್, ಹ್ಯಾಮರ್ ಎಂಬ ಮೂರು ಗುರುತಿನ ಡ್ರಿಲ್.* ಮನೆಗೆ ಸಾಮಾನ್ಯವಾಗಿ ಇದೇ ಸಾಕು. ಇದರಲ್ಲಿ ಇಂಪ್ಯಾಕ್ಟ್ ಡ್ರೈವರಿನ ಅಡ್ಡ ಏಟು ಇರುವುದಿಲ್ಲ.

2. *ಮೋಡ್ ಬದಲಿಸುವ ಇಂಪ್ಯಾಕ್ಟ್ ಡ್ರೈವರ್.* ಮಕಿಟ ಕಂಪನಿಯ ಡಿಟಿಪಿ141 ಈ ಜಾತಿಯದು. ಒಂದು ಬಳೆ ತಿರುಗಿಸಿದರೆ ಇಂಪ್ಯಾಕ್ಟ್, ಹ್ಯಾಮರ್ ಡ್ರಿಲ್, ಬರೀ ಡ್ರಿಲ್, ಕ್ಲಚ್ ಇರುವ ಸ್ಕ್ರೂಡ್ರೈವರ್ ಎಂದು ನಾಲ್ಕು ಅವತಾರ. ನಿಜವಾದ ಅರ್ಥದಲ್ಲಿ ಎರಡು ಮಷಿನ್ ಒಂದರಲ್ಲಿ ಎಂದರೆ ಇದೇ. ಮೂತಿ ಆರುಮೂಲೆಯದೇ ಆದ್ದರಿಂದ ಆರುಮೂಲೆ ಬುಡದ ಬಿಟ್ಟುಗಳೇ ಬೇಕು; ಮನೆಯಲ್ಲಿರುವ ದುಂಡು ಬುಡದ ಬಿಟ್ಟುಗಳು ಇದಕ್ಕೆ ನೇರವಾಗಿ ಹತ್ತುವುದಿಲ್ಲ.

3. *ತಲೆ ಬದಲಿಸುವ ಡ್ರಿಲ್.* ಬಾಷ್‌ನ ಫ್ಲೆಕ್ಸಿಕ್ಲಿಕ್ ಇದಕ್ಕೆ ಉದಾಹರಣೆ. ಚಕ್ ಕಳಚಿ ಆರುಮೂಲೆ ಮೂತಿ, ತೊಂಬತ್ತು ಡಿಗ್ರಿ ಬಾಗಿದ ತಲೆ, ಗೋಡೆಯ ಅಂಚಿಗೆ ಅಂಟಿ ಕೆಲಸ ಮಾಡುವ ತಲೆ ಹೀಗೆ ಸಿಕ್ಕಿಸಬಹುದು. ಮೂಲೆ–ಮುಡುಕಿನ ಕೆಲಸ ಮಾಡುವ ಕಿಚನ್ ಫಿಟ್ಟರುಗಳಿಗೆ ವರ. ಇಂಪ್ಯಾಕ್ಟ್ ಏಟು ಇದರಲ್ಲೂ ಇಲ್ಲ.

4. *ಎರಡು ಮೂತಿಯ ಇಂಪ್ಯಾಕ್ಟ್ ಮಷಿನ್.* ಬಾಷ್‌ನ ಜಿಡಿಎಕ್ಸ್ ಸಾಲಿನಂತೆ ಕಾಲು ಇಂಚಿನ ಬಿಟ್ಟೂ ಅರ್ಧ ಇಂಚಿನ ಚೌಕ ಸಾಕೆಟ್ಟೂ ಹಿಡಿಯುತ್ತದೆ. ಸ್ಕ್ರೂ ಜೊತೆಗೆ ನಟ್ಟು–ಬೋಲ್ಟ್ ಬಿಗಿಯುವ ಫ್ಯಾಬ್ರಿಕೇಷನ್‌ನವರಿಗೆ ಸರಿ. ಮನೆ ಗೋಡೆಗೆ ಇದು ಉಪಯೋಗವಿಲ್ಲ.

5. *ಕಾಂಬೊ ಕಿಟ್.* ಒಂದು ಡ್ರಿಲ್, ಒಂದು ಇಂಪ್ಯಾಕ್ಟ್ ಡ್ರೈವರ್, ಎರಡು ಬ್ಯಾಟರಿ, ಒಂದು ಚಾರ್ಜರ್. ಮಷಿನ್ ಎರಡು, ಡಬ್ಬ ಒಂದು.

ದಿನಾ ಹೊಟ್ಟೆಪಾಡಿಗಾಗಿ ಮಷಿನ್ ಹಿಡಿಯುವವರ ಒಲವು ಐದನೆಯದರ ಕಡೆಗೆ. ಕಾರಣ ಸರಳ. ತೂತು ಹೊಡೆಯುವ ಬಿಟ್ ಒಂದರಲ್ಲಿ, ಸ್ಕ್ರೂ ಬಿಟ್ ಇನ್ನೊಂದರಲ್ಲಿ ಸಿಕ್ಕಿಸಿಟ್ಟರೆ ಪ್ರತಿ ಸ್ಕ್ರೂಗೆ ಎರಡು ಸಲ ಬಿಟ್ ಬದಲಿಸುವ ತಾಪತ್ರಯವಿಲ್ಲ. ಒಂದು ಕೆಟ್ಟರೂ ಆ ದಿನದ ಕೂಲಿ ಪೂರಾ ಹೋಗುವುದಿಲ್ಲ. ಎಲ್ಲ ಮೋಡೂ ಒಂದರಲ್ಲೇ ಇರುವ ಮಷಿನ್ ರಿಪೇರಿಗೆ ಹೋದರೆ ಎಲ್ಲವೂ ಒಟ್ಟಿಗೆ ರಿಪೇರಿಗೆ ಹೋದಂತೆ. ಆದರೆ ಬೈಕಿನ ಹಿಂದೆ ಒಂದೇ ಬ್ಯಾಗಿಗೆ ಜಾಗ ಇರುವ ಎಲೆಕ್ಟ್ರಿಷಿಯನ್ನಿಗೆ ಎರಡನೆಯ ಬಗೆಯೇ ಲಾಭ.

ಡಬ್ಬದ ಮೇಲಿನ ಅಂಕಿ ಓದುವುದು

*ಟಾರ್ಕ್.* ತಿರುಚುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಹೇಳುತ್ತಾರೆ. ಒಂದೇ ಕಂಪನಿಯ 12 ವೋಲ್ಟಿನ ಎರಡು ಮಷಿನ್ ತೆಗೆದುಕೊಳ್ಳಿ: ಬಾಷ್ ಜಿಎಸ್‌ಆರ್ 120-ಎಲ್‌ಐ ಡ್ರಿಲ್ಲಿಗೆ 30, ಜಿಡಿಆರ್ 120-ಎಲ್‌ಐ ಇಂಪ್ಯಾಕ್ಟ್ ಡ್ರೈವರಿಗೆ 100. ಬ್ಯಾಟರಿ ಅದೇ ಆದರೂ ಮೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ, ಏಟಿನಿಂದ ಬಂದದ್ದು. ಹಾಗೆಂದು ಡ್ರೈವರಿನ 100ನ್ನು ಡ್ರಿಲ್ಲಿನ 30ರ ಪಕ್ಕ ಇಟ್ಟು ತೂಗಬಾರದು. ಡ್ರಿಲ್ಲಿನದು ಎಡೆಬಿಡದ ತಿರುಗು, ಡ್ರೈವರಿನದು ಏಟಿನ ಕ್ಷಣದ ಬಲ. ಡ್ರಿಲ್ಲಿನಲ್ಲೇ ಎರಡು ಅಂಕಿ ಇರುತ್ತವೆ. ಬಾಷ್ ಜಿಎಸ್‌ಬಿ 180-ಎಲ್‌ಐಗೆ ಗಟ್ಟಿ ಟಾರ್ಕ್ 54, ಮೃದು ಟಾರ್ಕ್ 21. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಳ್ಳುವಾಗ ಮೊದಲನೆಯದು, ಮರದಲ್ಲಿ ಸ್ಕ್ರೂ ಇಳಿಯುವಾಗ ಎರಡನೆಯದು ಅನ್ವಯ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ದೊಡ್ಡ ಅಂಕಿಯೇ.

*ವೋಲ್ಟ್.* 18 ವೋಲ್ಟ್ ಮತ್ತು ‘20 ವೋಲ್ಟ್ ಮ್ಯಾಕ್ಸ್’ ಎರಡೂ ಒಂದೇ. ಒಳಗೆ ಸಾಲಾಗಿ ಐದು ಲಿಥಿಯಂ ಸೆಲ್. ಒಂದಕ್ಕೆ ಸರಾಸರಿ 3.6 ವೋಲ್ಟ್ ಎಂದರೆ 18. ತುಂಬಿದಾಗ 4ರ ಮೇಲೆ ಎಂದು ಎಣಿಸಿದರೆ 20–21. ಕಡಿಮೆ ಬೆಲೆಯ ‘21 ವೋಲ್ಟ್’ ಮಷಿನ್ನಿನಲ್ಲೂ ಅದೇ ಐದು. ಹಾಗೆಯೇ ಮೂರು ಸೆಲ್ಲಿನ 10.8 ವೋಲ್ಟೇ ‘12 ವೋಲ್ಟ್’ ಎಂದು ಮಾರಾಟವಾಗುತ್ತದೆ. ಇನ್ನು ಅದೇ ಗಾತ್ರದ ಬ್ಯಾಟರಿಯ ಮೇಲೆ ‘48 ವಿ’, ‘88 ವಿಎಫ್’, ‘128 ವಿಎಫ್’ ಎಂದೆಲ್ಲ ಬರೆದಿದ್ದರೆ ಅದು ಸ್ಟಿಕ್ಕರಿನ ಮಹಿಮೆ. 48 ವೋಲ್ಟಿಗೆ ಹದಿಮೂರು ಸೆಲ್ ಸಾಲಾಗಿ ಬೇಕು. ಅಂಗೈಯಗಲದ ಡಬ್ಬಿಯಲ್ಲಿ ಅವು ಕೂರುವುದಿಲ್ಲ.

*ಆಂಪಿಯರ್ ಅವರ್.* ಇದು ಟ್ಯಾಂಕಿನ ಗಾತ್ರ. 18 ವೋಲ್ಟ್, 2 ಆಂಪಿಯರ್ ಅವರ್ ಎಂದರೆ 36 ವ್ಯಾಟ್ ಅವರ್. 4 ಆದರೆ 72. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಜೊತೆಗೆ ಕೈ ನೋವೂ ಹೆಚ್ಚು. ತಲೆಯ ಮೇಲೆ ಕೈಯೆತ್ತಿ ಜಿಪ್ಸಂ ಸೀಲಿಂಗ್ ಮಾಡುವವರು ಒಂದು ದೊಡ್ಡದರ ಬದಲು ಎರಡು ಸಣ್ಣ ಬ್ಯಾಟರಿ ಇಟ್ಟುಕೊಳ್ಳುವುದು ಇದಕ್ಕೇ. ನಕಲಿ ಹಿಡಿಯಲು ಕೈಯೇ ತಕ್ಕಡಿ: 18650 ಮಾದರಿಯ ಒಂದು ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ‘ಹತ್ತು ಸೆಲ್’ ಎಂದು ಬರೆದ ಬ್ಯಾಟರಿ ಹಗುರವೆನಿಸಿದರೆ ಒಳಗೆ ಐದೇ ಇರಬಹುದು.

*ಬ್ರಶ್‌ಲೆಸ್.* ಕಾರ್ಬನ್ ಬ್ರಶ್ ಇಲ್ಲದ ಮೋಟರು ಕಡಿಮೆ ಬಿಸಿಯಾಗುತ್ತದೆ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ ಕೊಡುತ್ತದೆ. ದಿನವಿಡೀ ಬಳಸುವವರು ಇದಕ್ಕೆ ಹೆಚ್ಚುವರಿ ದುಡ್ಡು ಕೊಡಬಹುದು. ಆದರೆ ಹಳೆಯ ಕೈಗಳ ಇನ್ನೊಂದು ಮಾತನ್ನೂ ತಳ್ಳಿಹಾಕಬಾರದು: ಬ್ರಶ್ ಸವೆದರೆ ಬೀದಿಯ ರಿಪೇರಿ ಅಂಗಡಿಯಲ್ಲೇ ಕಡಿಮೆ ಖರ್ಚಿನಲ್ಲಿ ಬದಲಿಸಬಹುದು, ಬ್ರಶ್‌ಲೆಸ್ ಮಷಿನ್ನಿನ ಸರ್ಕೀಟ್ ಬೋರ್ಡ್ ಸುಟ್ಟರೆ ಸರ್ವೀಸ್ ಸೆಂಟರೇ ಗತಿ. ವರ್ಷಕ್ಕೆ ಹತ್ತು ಸಲ ಬಳಸುವ ಮನೆಗೆ ಬ್ರಶ್ ಇರುವುದೇ ಸಾಕು.

ಗೋಡೆ ಯಾವುದು ಎಂದು ಮೊದಲು ನೋಡಿ

‘ಮಷಿನ್ ಗೋಡೆಗೆ ಹೋಗ್ತಾನೇ ಇಲ್ಲ’ ಎಂಬ ದೂರಿನಲ್ಲಿ ಬಹುಪಾಲು ಗೋಡೆಯದೇ ತಪ್ಪು. ಕೊರೆಯುವ ಜಾಗದ ಕೆಳಗೆ ಒಂದು ಹಳೆಯ ಲಕೋಟೆಯನ್ನು ಬಾಯಿ ಬಿಡಿಸಿ ಟೇಪಿನಿಂದ ಅಂಟಿಸಿ, ಅದರಲ್ಲಿ ಬೀಳುವ ಪುಡಿಯ ಬಣ್ಣ ನೋಡಿ. ಮೊದಲು ಬರುವ ಬೂದು ಪುಡಿ ಗಾರೆಯದು. ಆಮೇಲೆ ಕೆಂಪು ಬಂದರೆ ಇಟ್ಟಿಗೆ. ಹಳೆಯ ಮನೆಗಳಲ್ಲಿ ಸಾಮಾನ್ಯ. 12 ವೋಲ್ಟಿನ ಹ್ಯಾಮರ್ ಮೋಡಿಗೇ 6 ಮಿಲಿಮೀಟರಿನ ತೂತು ಸಲೀಸು. ಬೂದು ಬಣ್ಣವೇ ಮುಂದುವರಿದು ಒರಟು ಪುಡಿ ಬಂದರೆ ಸಾಲಿಡ್ ಬ್ಲಾಕ್. 18 ವೋಲ್ಟ್ ಬೇಕು. ಬಿಳಿಯ ನುಣುಪು ಹಿಟ್ಟು ಬಂದರೆ ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕ್. ಇಲ್ಲಿ ಹ್ಯಾಮರ್ ಹಾಕಲೇಬಾರದು, ತೂತು ಅಗಲವಾಗಿ ಪ್ಲಗ್ ನಿಲ್ಲುವುದಿಲ್ಲ. ಅದಕ್ಕೆಂದೇ ಬರುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ ತನ್ನಿ.

ಎರಡು ಸೆಂಟಿಮೀಟರ್ ಹೋಗಿ ಬಿಟ್ ನಿಂತುಬಿಟ್ಟು ಕೀರಲು ಸದ್ದು ಬಂದರೆ ಅದು ಪಿಲ್ಲರ್, ಬೀಮ್ ಅಥವಾ ಒಳಗಿನ ಕಂಬಿ. ಬಲವಂತ ಬೇಡ. ಬಿಟ್ಟಿನ ಕಾರ್ಬೈಡ್ ತುದಿ ಕೆಂಪಗೆ ಕಾದು ಸತ್ತೇಹೋಗುತ್ತದೆ, ಬ್ಯಾಟರಿಯೂ ಬೇಯುತ್ತದೆ. ಒಂದೆರಡು ಇಂಚು ಪಕ್ಕಕ್ಕೆ ಸರಿಯಿರಿ, ಇಲ್ಲವೇ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಕಾಂಕ್ರೀಟಿನಲ್ಲಿ ದಿನವೂ ತೂತು ಹೊಡೆಯುವವರಿಗೆ ಯಾವ ಟೂ ಇನ್ ಒನ್ನೂ ಆಗಿಬರುವುದಿಲ್ಲ; ಅವರಿಗೆ ಎಸ್‌ಡಿಎಸ್ ಮಷಿನ್ನೇ ಬೇಕು.

ಬಾತ್‌ರೂಮಿನ ಟೈಲ್ಸಿಗೆ ಮೊದಲು ಹ್ಯಾಮರ್ ಆಫ್ ಮಾಡಿ, ಈಟಿ ಮೂತಿಯ ಟೈಲ್ ಬಿಟ್ ಹಾಕಿ, ಪೇಂಟರ್ ಟೇಪ್ ಅಂಟಿಸಿ ನಿಧಾನಕ್ಕೆ ಟೈಲ್ ದಾಟಿಸಬೇಕು. ಆಮೇಲೆ ಗೋಡೆಯ ಬಿಟ್. ಕಬ್ಬಿಣಕ್ಕೆ ಎಚ್‌ಎಸ್‌ಎಸ್ ಬಿಟ್, ಕಡಿಮೆ ವೇಗ, ಎರಡು ಹನಿ ಎಣ್ಣೆ. ತೇಗ, ಹೊನ್ನೆಯಂಥ ಗಟ್ಟಿಮರಕ್ಕೆ 8ನೇ ನಂಬರಿನ ಸ್ಕ್ರೂ ಹಾಕುವ ಮುಂಚೆ 3 ಮಿಲಿಮೀಟರಿನ ಸಣ್ಣ ದಾರಿ ಕೊರೆಯಿರಿ. ಇಂಪ್ಯಾಕ್ಟ್ ಡ್ರೈವರಿಗೆ ಬಲವಿದೆ ಎಂದು ನೇರ ಇಳಿಸಿದರೆ ಒಂದೋ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂ ಕುತ್ತಿಗೆ ಮುರಿಯುತ್ತದೆ. ಡ್ರೈವರಿಗೆ ‘ಇಂಪ್ಯಾಕ್ಟ್’ ಗುರುತಿನ ಬಿಟ್ಟೇ ಬೇಕು. ಸಾಮಾನ್ಯ ಬಿಟ್ ಏಟಿಗೆ ತುಂಡಾಗುತ್ತದೆ.

ಸ್ವಿಚ್‌ಬೋರ್ಡಿನ ನೇರ ಮೇಲೆ–ಕೆಳಗೆ, ನಲ್ಲಿಯ ಆಸುಪಾಸು ಕೊರೆಯಬೇಡಿ. ಗೋಡೆಯೊಳಗಿನ ವೈರು, ಪೈಪು ಹೆಚ್ಚಾಗಿ ಆ ಗೆರೆಯಲ್ಲೇ ಹೋಗಿರುತ್ತವೆ.

ಆನ್‌ಲೈನ್ ನಕ್ಷತ್ರಗಳನ್ನು ಎಣಿಸುವುದು ಹೇಗೆ?

ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಐಎಸ್ 19000:2022 ಎಂಬ ಮಾನಕ ತಂದಿತು. ಬರೆದವರು ನಿಜವಾದ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳುವುದು, ಹೊಗಳಿಕೆಯನ್ನಷ್ಟೇ ಆಯ್ದು ತೋರಿಸದಿರುವುದು ಮುಂತಾದ ನಿಯಮಗಳು ಅದರಲ್ಲಿವೆ. ಸ್ವಇಚ್ಛೆಯಿಂದ ಪಾಲಿಸಬೇಕಾದ ಮಾನಕವಾಗಿ ಬಂದದ್ದರಿಂದ ಎಚ್ಚರ ಕೊಳ್ಳುವವರದೇ.

ಡಬ್ಬ ಒಡೆದ ದಿನವೇ ಕೊಟ್ಟ ಐದು ನಕ್ಷತ್ರಕ್ಕೆ ಬೆಲೆಯಿಲ್ಲ. ಅದು ಪ್ಯಾಕಿಂಗಿಗೆ ಕೊಟ್ಟ ಅಂಕ. ಆರು ತಿಂಗಳು, ವರ್ಷ ಕಳೆದ ಮೇಲೆ ಬರೆದದ್ದನ್ನು ಹುಡುಕಿ. ಎರಡು, ಮೂರು ನಕ್ಷತ್ರ ಕೊಟ್ಟವರನ್ನು ಮೊದಲು ಓದಿ. ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಎರಡನ್ನೂ ಹೇಳುವವರು ಅವರೇ. ‘ಕಾಂಕ್ರೀಟಿಗೆ ಆಗಲಿಲ್ಲ’ ಎಂಬ ಒಂದು ನಕ್ಷತ್ರದ ದೂರು 12 ವೋಲ್ಟಿನ ಮಷಿನ್ ಮೇಲಿದ್ದರೆ ಅದು ಮಷಿನ್ನಿನ ಲೋಪವಲ್ಲ. ಅದೇ, ‘ಚಕ್ ಓಲಾಡುತ್ತೆ’, ‘ಚಾರ್ಜರ್ ಸುಟ್ಟಿತು’, ‘ಬ್ಯಾಟರಿ ಸಿಗ್ತಾ ಇಲ್ಲ’ ಎಂಬ ಮಾತು ಹಲವರಿಂದ ಬಂದರೆ ಆ ಮಾದರಿಯ ಗೊಡವೆಗೆ ಹೋಗಬೇಡಿ.

ಕೊಳ್ಳುವಾಗ

ಪಶ್ಚಿಮ ಬೆಂಗಳೂರಿನವರಿಗೆ ಮೈಸೂರು ರಸ್ತೆ, ವಿಜಯನಗರ, ರಾಜಾಜಿನಗರದ ಹಾರ್ಡ್‌ವೇರ್ ಅಂಗಡಿಗಳು ಕೈಗೆಟಕುವಷ್ಟು ಹತ್ತಿರ. ಹತ್ತಾರು ಮಾದರಿ ಹಿಡಿದು ನೋಡಬೇಕೆಂದರೆ ಕೆ.ಆರ್. ಮಾರುಕಟ್ಟೆ ಬಳಿಯ ಎಸ್‌ಜೆಪಿ ರಸ್ತೆಗೆ ಹೋಗಬೇಕು. ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರಾಯಿತು. ಭಾನುವಾರ ಹೋದರೆ ಮುಚ್ಚಿದ ಬಾಗಿಲೇ ಹೆಚ್ಚು.

ಅಂಗಡಿಯಲ್ಲಿ ಹೀಗೆ ನೋಡಿ: ಚಕ್ಕಿಗೆ ಉದ್ದನೆಯ ಬಿಟ್ ಹಾಕಿಸಿ ನಿಧಾನಕ್ಕೆ ತಿರುಗಿಸಿ, ತುದಿ ವೃತ್ತ ಬರೆದಂತೆ ಓಲಾಡಿದರೆ ಬೇಡ. ಟ್ರಿಗರ್ ಸ್ವಲ್ಪ ಒತ್ತಿದರೆ ಸ್ವಲ್ಪ, ಪೂರ್ತಿ ಒತ್ತಿದರೆ ಪೂರ್ತಿ ವೇಗ ಬರಬೇಕು. ಬಿಟ್ಟೊಡನೆ ಬಿಟ್ ನಿಲ್ಲಬೇಕು. ಬ್ಯಾಟರಿ ಸಿಕ್ಕಿಸಿದಾಗ ಅಲುಗಾಡಬಾರದು. ಕೈಯನ್ನು ಮೇಲಕ್ಕೆತ್ತಿ ಒಂದು ನಿಮಿಷ ಹಿಡಿದು ನೋಡಿ. ಭುಜಕ್ಕೆ ಭಾರವೆನಿಸಿದರೆ ಸಣ್ಣದನ್ನೇ ಕೊಳ್ಳಿ.

ಬಿಡಿ ಬ್ಯಾಟರಿಯ ಬೆಲೆ ಕೇಳದೆ ಮಷಿನ್ ಕೊಳ್ಳಬೇಡಿ. ಮೊದಲು ಸಾಯುವುದು ಬ್ಯಾಟರಿಯೇ, ಕೆಲವೊಮ್ಮೆ ಎರಡು ಬ್ಯಾಟರಿಯ ಬೆಲೆಗೆ ಹೊಸ ಕಿಟ್ಟೇ ಬರುತ್ತದೆ. ಬರಿಯ ಮಷಿನ್ನಿಗೆ ‘ಸೋಲೊ’ ಅಥವಾ ‘ಬೇರ್ ಟೂಲ್’ ಎಂದು ಬರೆದಿರುತ್ತಾರೆ. ಅಗ್ಗವೆಂದು ತಂದರೆ ಬ್ಯಾಟರಿ, ಚಾರ್ಜರ್ ಎರಡೂ ಇರುವುದಿಲ್ಲ. ಒಂದೇ ಕಂಪನಿಯಾದರೂ ಬ್ಯಾಟರಿ ಹೊಂದುತ್ತದೆ ಎನ್ನಲಾಗದು: ಬಾಷ್‌ನ ವೃತ್ತಿಪರ ನೀಲಿ ಸಾಲಿನ 18 ವೋಲ್ಟಿನ ಬ್ಯಾಟರಿ ಅದರ ಮನೆಬಳಕೆಯ ಹಸಿರು ಸಾಲಿಗೆ ಹತ್ತುವುದಿಲ್ಲ. ಡಿವಾಲ್ಟ್, ಸ್ಟ್ಯಾನ್ಲಿ, ಬ್ಲ್ಯಾಕ್ ಆಂಡ್ ಡೆಕರ್ ಮೂರೂ ಒಂದೇ ಒಡೆತನದವಾದರೂ ಬ್ಯಾಟರಿ ಬೇರೆ ಬೇರೆ. ಆದ್ದರಿಂದ ಮುಂದೆ ಗ್ರೈಂಡರ್, ಗರಗಸ ಕೊಳ್ಳುವ ಯೋಚನೆಯಿದ್ದರೆ ಈಗಲೇ ಒಂದು ಬ್ಯಾಟರಿ ಕುಟುಂಬ ಆರಿಸಿಕೊಳ್ಳಿ.

ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ; ವಾರಂಟಿಗೆ ಅದೇ ಆಧಾರ. ಬ್ಯಾಟರಿ, ಚಾರ್ಜರಿಗೆ ವಾರಂಟಿ ಎಷ್ಟು ತಿಂಗಳು, ಆನ್‌ಲೈನಿನಲ್ಲಿ ನೋಂದಾಯಿಸಬೇಕೇ, ಸರ್ವೀಸ್ ಸೆಂಟರ್ ಎಲ್ಲಿ ಎಂಬ ಮೂರನ್ನೂ ಬಿಲ್ ಮಾಡಿಸುವ ಮುನ್ನ ಕೇಳಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬ್ಯಾಟರಿ ಉಳಿಸುವ ಬಗೆ

- ಕೆಲಸ ಮುಗಿದೊಡನೆ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಕೈಗೆ ತಣ್ಣಗಾಗಲಿ.
- ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದರೆ ಅರ್ಧದಷ್ಟು ಚಾರ್ಜಿನಲ್ಲಿ, ಮಷಿನ್ನಿನಿಂದ ಬೇರ್ಪಡಿಸಿ ತಂಪಾದ ಕಡೆ ಇಡಿ. ನಡುನಡುವೆ ತೆಗೆದು ಚಾರ್ಜ್ ನೋಡಿ.
- ತಾರಸಿಯ ಶೀಟಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.
- ಉಬ್ಬಿದ, ಒಡೆದ, ನೀರಿಗೆ ಬಿದ್ದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು.
- ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲೇ ಜಜ್ಜಿ ಬೆಂಕಿ ಹತ್ತುವ ಅಪಾಯವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ, ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ.

ಕೈ, ಕಣ್ಣು, ಕಿವಿ

ವೈರಿಲ್ಲದ ಮಷಿನ್ ಸದಾ ಚಾಲೂ ಇದ್ದಂತೆಯೇ. ಬಿಟ್ ಬದಲಿಸುವಾಗ ಬ್ಯಾಟರಿ ಕಳಚಿ, ಇಲ್ಲವೇ ಮುಂದೆ–ಹಿಂದೆ ತಿರುಗಿಸುವ ಗುಂಡಿಯನ್ನು ನಡುವೆ ಇಟ್ಟು ಲಾಕ್ ಮಾಡಿ. ತಿರುಗುವ ಬಿಟ್ಟಿನ ಬಳಿ ಸಡಿಲ ಗ್ಲೌಸ್, ಇಳಿಬಿದ್ದ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ಬೇಡ. ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಕನ್ನಡಕ ಕಡ್ಡಾಯ, ಅದರಲ್ಲೂ ತಲೆಯ ಮೇಲೆ ಕೊರೆಯುವಾಗ. ಗಾರೆಯ ದೂಳಿಗೆ ಮಾಸ್ಕ್. ಇಂಪ್ಯಾಕ್ಟ್ ಡ್ರೈವರಿನ ಸದ್ದು 90 ಡೆಸಿಬಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದಾದ ಮೇಲೊಂದು ಸ್ಕ್ರೂ ಹೊಡೆಯುವವರು ಕಿವಿಗೆ ಪ್ಲಗ್ ಹಾಕಿಕೊಳ್ಳಲೇಬೇಕು. ಅಕ್ಕಪಕ್ಕದವರ ಕಿವಿಯೂ ಕಿವಿಯೇ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಹೊತ್ತನ್ನು ರಾತ್ರಿಯೆಂದು ಲೆಕ್ಕ ಹಿಡಿದು, ವಸತಿ ಪ್ರದೇಶಕ್ಕೆ 45 ಡೆಸಿಬಲ್‌ ಮಿತಿ ಹಾಕಿವೆ.

ಹಾಗಾದರೆ ಯಾವುದು?

*ಬಾಡಿಗೆ ಮನೆ, ಇಟ್ಟಿಗೆ ಗೋಡೆ, ಸಣ್ಣಪುಟ್ಟ ಕೆಲಸ:* ಹ್ಯಾಮರ್ ಮೋಡ್ ಇರುವ 12 ವೋಲ್ಟಿನ ಡ್ರಿಲ್. ಇಂಪ್ಯಾಕ್ಟ್ ಡ್ರೈವರ್ ಬೇಡವೇ ಬೇಡ.

*ಸ್ವಂತ ಮನೆ, ಬ್ಲಾಕ್ ಗೋಡೆ, ತಾವೇ ಶೆಲ್ಫ್–ಸ್ಟ್ಯಾಂಡ್ ಮಾಡುವ ಹವ್ಯಾಸ:* 18 ವೋಲ್ಟಿನ ಹ್ಯಾಮರ್ ಡ್ರಿಲ್ ಈಗ, ಅದೇ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ ಮುಂದೆ ಬೇಕೆನಿಸಿದಾಗ ಸೋಲೊ.

*ವರ್ಷಕ್ಕೆ ಒಂದೆರಡು ತೂತು ಮಾತ್ರ:* ವೈರಿನ ಡ್ರಿಲ್ ಅಗ್ಗ, ಗೋಡೆಗೆ ಬಲಶಾಲಿ, ಸಾಯಲು ಬ್ಯಾಟರಿಯೇ ಇಲ್ಲ. ಪಕ್ಕದ ಮನೆಯಲ್ಲಿ ಇದ್ದರೆ ಕೊಳ್ಳುವ ಖರ್ಚೂ ಇಲ್ಲ.

*ಎಲೆಕ್ಟ್ರಿಷಿಯನ್, ಸಿಸಿಟಿವಿ, ಮನೆ ಮನೆಗೆ ಹೋಗಿ ಫಿಟ್ಟಿಂಗ್ ಮಾಡುವವರು:* ನಾಲ್ಕು ಮೋಡಿನ ಮಷಿನ್ ಸಾರ್ಥಕವಾಗುವುದು ಇವರ ಕೈಯಲ್ಲಿ. ಜೊತೆಗೆ ಆರುಮೂಲೆ ಬುಡದ ಬಿಟ್ಟುಗಳ ಒಂದು ಒಳ್ಳೆಯ ಸೆಟ್.

*ಬಡಗಿ, ಕಿಚನ್ ಫಿಟ್ಟರ್:* ಕಾಂಬೊ ಕಿಟ್. ಎರಡನ್ನೂ ಒಂದರಲ್ಲಿ ತುರುಕಿದ ಮಷಿನ್ನಿಗಿಂತ ಎರಡು ಬೇರೆ ಮಷಿನ್ ಇವರಿಗೆ ದಿನಕ್ಕೆ ಹೆಚ್ಚು ಕೆಲಸ ಕೊಡುತ್ತವೆ.

*ಶೀಟ್, ಫ್ಯಾಬ್ರಿಕೇಷನ್:* ವೇಗದ ಹಂತಗಳಿರುವ 18 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್. ಬೋಲ್ಟ್ ಕೆಲಸವೂ ಇದ್ದರೆ ಎರಡು ಮೂತಿಯದು.

ಈ ಪಟ್ಟಿಯಲ್ಲಿ ನಿಮ್ಮ ಕೆಲಸ ಎರಡು ಕಡೆ ಬಿದ್ದರೆ ಹೆಚ್ಚು ಸಲ ಮಾಡುವ ಕೆಲಸಕ್ಕೆ ಕೊಳ್ಳಿ, ಅಪರೂಪಕ್ಕೆ ಬರುವುದಕ್ಕೆ ಬಾಡಿಗೆ ತನ್ನಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಬಿಟ್ ಕೊಳ್ಳಿ: ಹತ್ತು ಸಾವಿರದ ಮಷಿನ್ನಿಗೆ ಮೊಂಡು ಬಿಟ್ ಸಿಕ್ಕಿಸಿ ‘ಮಷಿನ್ ಸರಿಯಿಲ್ಲ’ ಎನ್ನುವವರ ಅಭಿಪ್ರಾಯವೇ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗ.